ತರಗತಿಯ ನಗೆ



1977ರಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಎಂಬ ಹಾಸ್ಯ ಧಾರಾವಾಹಿ ಮೊದಲಾಯಿತು. ಪರದೇಶೀಯರು ಇಂಗ್ಲಿಷ್ ಕಲಿಯುವ ಲಂಡನ್ನಿನ ತರಗತಿಯೇ ಅದರ ರಂಗ. ಕಲಿಯುವವರ ನಾಲಗೆ ತೊಡರುವುದು ಸಹಜ. ಅಧ್ಯಾಪಕರಾದ ನಮಗೆ ಅದು ನಿತ್ಯದ ವಿನೋದವೇ ಸರಿ. ಆದರೆ ಅಲ್ಲಿ ಸಿಖ್ಖನಾದ ರಂಜೀತ್ ಸಿಂಗನು ಮಾತುಮಾತಿಗೂ ಸಾವಿರ ಕ್ಷಮೆ ಬೇಡಬೇಕು, ಪಾಕಿಸ್ತಾನದ ಅಲಿಯೊಡನೆ ಜಗಳವಾಡಬೇಕು; ಭಾರತದ ಗೃಹಿಣಿ ಜಮೀಲಾ ಉಣ್ಣೆ ಹೆಣೆಯುತ್ತಲೇ ಇರಬೇಕು. ನಗೆಯು ತಪ್ಪನ್ನು ದಾಟಿ ಹುಟ್ಟಿಗೇ ತಗುಲಿತು. ತಪ್ಪನ್ನಾದರೆ ತಿದ್ದಬಹುದು, ಹುಟ್ಟನ್ನು ತಿದ್ದುವ ಪಾಠವೆಲ್ಲಿದೆ? ಜನ ಮೆಚ್ಚಿ ನೋಡುತ್ತಿದ್ದರೂ ಆ ಸಂಸ್ಥೆಯ ಅಧಿಕಾರಿ ಮೈಕಲ್ ಗ್ರೇಡ್ 1979ರಲ್ಲಿ ಅದನ್ನು ಅವಮಾನಕರವೆಂದು ನಿಲ್ಲಿಸಿದರು.

ನಮ್ಮ ಶಾಲೆಯ ನಾಟಕದಲ್ಲಿಯೂ ಅರೆಗನ್ನಡ ನುಡಿಯುವ ಮಲಯಾಳಿ ಚಹದಂಗಡಿಯವನೊಬ್ಬನಿರಲೆಂದು ಹುಡುಗರು ಕೇಳಿದರು. ನಾವು ಒಪ್ಪಲಿಲ್ಲ. ನೆರೆಮನೆಯ ಮಲಯಾಳಿ ಮಕ್ಕಳೂ ಅದೇ ಚಾಪೆಯ ಮೇಲೆ ಕುಳಿತು ಆ ನಾಟಕವನ್ನು ನೋಡುವರು.