ಕಣ್ಣಿಗೆ ಕಾಣದ ಕೆಲಸಗಾರರು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಸಂಘಕ್ಕಾಗಿ ದುಡಿದವರನ್ನು ಈಗತಾನೆ ಸನ್ಮಾನಿಸಿದ್ದೀರಿ. ಸದಸ್ಯರ ಪುಸ್ತಕದಲ್ಲಿ ಹೆಸರೇ ಇಲ್ಲದ ಕೆಲಸಗಾರರೂ ನಮಗಿದ್ದಾರೆ. ಅವೇ ಸೂಕ್ಷ್ಮಜೀವಿಗಳು. ಅವುಗಳ ಬಗ್ಗೆ ನಾಲ್ಕು ಮಾತು.

ಭತ್ತದ ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಹಸುವಿಗೆ ಸ್ವಂತವಾಗಿಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ, ಗಾಳಿಯಿಲ್ಲದೆ ಬದುಕುವ ಕೋಟ್ಯಂತರ ಜೀವಿಗಳು ಆ ನಾರನ್ನು ಒಡೆದು ಕೊಡುತ್ತವೆ. ಮದುವೆ ಮನೇಲಿ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ಸುರಿದರೆ ಏನಾಗುತ್ತೆ? ಹುಳಿ ಮಾಡುವ ಜೀವಿಗಳು ಮೇಲುಗೈಯಾಗಿ ಹಸು ಮಲಗಿಬಿಡುತ್ತೆ. ಕೆಲವು ಸಲ ಜೀವಕ್ಕೇ ಕುತ್ತು.

ಇನ್ನು ಹಾಲು. ಹೆಪ್ಪು ಹಾಕಿದಾಗ ಮೊಸರು ಮಾಡುವವೂ ಸೂಕ್ಷ್ಮಜೀವಿಗಳೇ, ಕ್ಯಾನಿನಲ್ಲಿ ಹಾಲು ಕೆಡಿಸುವವೂ ಸೂಕ್ಷ್ಮಜೀವಿಗಳೇ. ಕರೆದ ಹಾಲಿನ ಬಿಸಿ ಅವುಗಳಿಗೆ ಹಬ್ಬ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ಒಂದು ಜೀವಿ ಮೂರು ಗಂಟೆಗೆ 64 ಆಗುತ್ತೆ. 4 ಡಿಗ್ರಿಗೆ ತಂಪು ಮಾಡಿದರೆ ಅವು ಸಾಯುವುದಿಲ್ಲ, ಆದರೆ ಬೆಳೆಯುವುದು ಬಹಳ ನಿಧಾನವಾಗುತ್ತೆ. ಅದಕ್ಕೇ ಕೆಚ್ಚಲು ತೊಳೆಯಿರಿ, ಪಾತ್ರೆ ಒಣಗಿಸಿ, ಕರೆದ ಕೂಡಲೇ ತನ್ನಿ ಎನ್ನುವುದು. ಒಬ್ಬರ ಕೊಳೆ ಚೊಂಬು ಇಡೀ ಊರಿನ ಹಾಲನ್ನು ಗೆಜ್ಜಲಗೆರೆ ಡೈರಿ ಬಾಗಿಲಿನಿಂದ ವಾಪಸು ಕಳಿಸಬಹುದು. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಹಾಕಲೇಬೇಡಿ. ಆ ಔಷಧಿ ಹೆಪ್ಪಿನ ಜೀವಿಗಳನ್ನೂ ಕೊಲ್ಲುತ್ತೆ.

ಸಗಣಿ ಗೋಬರ್ ಗ್ಯಾಸ್ ಗುಂಡಿಗೆ ಹೋದರೆ ಅಲ್ಲೂ ಗಾಳಿ ಬೇಡದ ಜೀವಿಗಳೇ ಅನಿಲ ಮಾಡಿ ಒಲೆ ಉರಿಸುತ್ತವೆ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ಹೀಗೆ ಹಸುವಿನ ಹೊಟ್ಟೆಯ ಕೆಲಸವನ್ನೇ ನಾವು ಕಟ್ಟಿದ ಗುಂಡಿ ಮುಂದುವರಿಸುತ್ತೆ.

ಹೊಲದಲ್ಲೂ ಅಷ್ಟೇ. ಮಂಡ್ಯ, ಮದ್ದೂರು, ಮಳವಳ್ಳಿಯ ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಗಳಲ್ಲಿ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಕೊಡುತ್ತೆ. ಅವರೆ, ಅಲಸಂದೆಯ ಬೇರಿನ ಗಂಟಿನಲ್ಲೂ ಇದೇ ಕೆಲಸ ಮಾಡುವ ಜೀವಿಗಳಿವೆ. ನಾವೋ, ಕಬ್ಬು ಕಡಿದ ಮಾರನೇ ದಿನವೇ ತರಗಿಗೆ ಬೆಂಕಿ ಇಡುತ್ತೇವೆ. ಮಣ್ಣಿನ ಜೀವಿಗಳ ಊಟವನ್ನೂ ಸುಟ್ಟು, ಮೇಲ್ಮಣ್ಣಿನಲ್ಲಿದ್ದ ಅವನ್ನೂ ಸುಟ್ಟು, ಆಮೇಲೆ ಯೂರಿಯಾ ಮೂಟೆಗೆ ಸಾಲದಲ್ಲಿ ನಿಲ್ಲುತ್ತೇವೆ! ತರಗನ್ನು ಸಾಲಿನ ನಡುವೆ ಹರಡಿ, ಸಗಣಿ ಬಗ್ಗಡ ಚೆಲ್ಲಿ, ತೇವ ಕೊಡಿ. ಅದು ಕೆಲವು ತಿಂಗಳಲ್ಲಿ ಕರಗಿ ಗೊಬ್ಬರವಾಗುತ್ತೆ.

ಈ ಕೆಲಸಗಾರರು ಕೂಲಿ ಕೇಳುವುದಿಲ್ಲ. ಹೊಟ್ಟೆಯಲ್ಲಿ ಸರಿಯಾದ ಮೇವು, ಹೊಲದಲ್ಲಿ ಕಸಕಡ್ಡಿ ಸಿಕ್ಕರೆ ಸಾಕು. ಹಾಲಿನ ಕ್ಯಾನಿನಲ್ಲಿ ಮಾತ್ರ ಅವಕ್ಕೆ ಜಾಗ ಕೊಡಬೇಡಿ. ಇಷ್ಟು ಪಾಲಿಸಿದರೆ ಸಂಘವೂ ಉಳಿಯುತ್ತೆ, ಮಣ್ಣೂ ಉಳಿಯುತ್ತೆ.