ನಮ್ಮ ಊರಿನ ಕರೆಂಟು, ದೆಹಲಿಯ ಚರ್ಚೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯುತ್, ದೂರಸಂಪರ್ಕ ಮತ್ತು ಪ್ರಸಾರ ನೀತಿಗಳ ಬಗ್ಗೆ ಸಂಸತ್ತಿನಲ್ಲಿ ನಡೆಯುವ ಚರ್ಚೆಯ ಕುರಿತು ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ವಿಷಯ ಕೇಳಿದ ಕೂಡಲೇ ಹಿಂದಿನ ಸಾಲಿನ ಕೆಲವು ಹುಡುಗರು ಬಾಗಿಲಿನ ಕಡೆ ನೋಡಿದರು. ಅದು ಅವರ ತಪ್ಪಲ್ಲ. ದೆಹಲಿ ದೂರ, ಊಟದ ಹೊತ್ತು ಹತ್ತಿರ. ಆದರೂ ಸ್ವಲ್ಪ ಕೂತು ಕೇಳಿ. ಈ ಮೂರು ವಿಷಯಗಳೂ ನಿಮ್ಮ ಮನೆಯ ಒಳಗಿನವು.

ಮೊದಲು ಕರೆಂಟಿನಿಂದಲೇ ಶುರು ಮಾಡೋಣ. 1948ರಲ್ಲಿ ಜೋಗದಲ್ಲಿ ವಿದ್ಯುದಾಗಾರ ಆರಂಭವಾಯಿತು. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನ ನೀರು ಘಟ್ಟದ ಕೆಳಗೆ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಹೋಗುತ್ತದೆ. ಅದು ವಾರಾಹಿ ಯೋಜನೆ, 460 ಮೆಗಾವಾಟ್. ನಾಡಿನ ಕಾರ್ಖಾನೆಗಳಿಗೆ, ಬೆಂಗಳೂರಿನ ಬೀದಿ ದೀಪಗಳಿಗೆ ಬಹುಕಾಲ ಶಕ್ತಿ ಕೊಟ್ಟದ್ದು ನಮ್ಮ ಹೊಳೆಗಳು. ಆ ನೀರಿನಡಿ ಮುಳುಗಿದ ಗದ್ದೆ, ತೋಟ, ಮನೆ, ಗೋರಿ, ಗುಡಿಗಳ ಮಾತನ್ನು ನಿಮ್ಮ ಅಜ್ಜ, ದಾದಿಯರಿಂದ ಕೇಳಿದ್ದೀರಿ. ತುಮರಿ, ಕರೂರು, ಬಾರಂಗಿ ಕಡೆಯವರು ಹಿನ್ನೀರಿನ ಆಚೆ ಉಳಿದು, ಬೆಳಕು ಕೊಟ್ಟವರೇ ಚಿಮಣಿ ದೀಪದಲ್ಲಿ ಓದಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ಆದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಲಾಂಚೇ ಗತಿ. ಅಣೆಕಟ್ಟಿಗೂ ಸೇತುವೆಗೂ ನಡುವೆ ಅರವತ್ತು ವರ್ಷಗಳ ಅಂತರ!

ಸಂಸತ್ತು ಇಲ್ಲಿ ಎಲ್ಲಿ ಬಂತು ಎಂದು ಕೇಳುತ್ತೀರಿ. 1980ರಲ್ಲಿ ಸಂಸತ್ತು ಅರಣ್ಯ ಸಂರಕ್ಷಣಾ ಕಾಯ್ದೆ ಮಾಡಿತು. ಅಂದಿನಿಂದ ಕೇಂದ್ರದ ಪೂರ್ವಾನುಮತಿ ಇಲ್ಲದೆ ರಾಜ್ಯ ಸರ್ಕಾರ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ. ಮುಳುಗಡೆ ಸಂತ್ರಸ್ತರನ್ನು ಕೂರಿಸಿದ್ದು ಬಹುಪಾಲು ಕಾಡಿನ ಜಾಗದಲ್ಲಿ. ಆ ಜಾಗವನ್ನು ಅರಣ್ಯದಿಂದ ಬಿಡಿಸಲು ರಾಜ್ಯ ಸರ್ಕಾರ ಹೊರಡಿಸಿದ್ದ ಅಧಿಸೂಚನೆಗಳನ್ನು, ಈ ಅನುಮತಿ ಇಲ್ಲವೆಂಬ ಕಾರಣಕ್ಕೆ, 2021ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಕಾಡು ಉಳಿಯಬೇಕು, ಆ ಕಾಯ್ದೆ ಬೇಕೇ ಬೇಕು. ಆದರೆ ಅದು ಬರುವುದಕ್ಕೆ ಹದಿನಾರು ವರ್ಷ ಮೊದಲೇ ಸರ್ಕಾರವೇ ಎಬ್ಬಿಸಿ ಕಳಿಸಿದ್ದ ಜನರ ಗತಿ ಏನು? ಕಾಯ್ದೆಯಲ್ಲಿ ಅವರಿಗಾಗಿ ಒಂದು ಸಾಲು ಬೇಕಿತ್ತು. ಆ ಸಾಲು ಇಲ್ಲದ್ದರಿಂದ ಮೂರನೆಯ ತಲೆಮಾರು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದೆ. ಮಸೂದೆಯ ಚರ್ಚೆಯಲ್ಲಿ ನಮ್ಮ ಕಡೆಯ ಮಾತು ಯಾಕೆ ಬರಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಗೊತ್ತಿಲ್ಲ.

ಈಗ ದೂರಸಂಪರ್ಕ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. (ಸಭೆಯಲ್ಲಿ ಅನೇಕರು ಕೈ ಎತ್ತಿದರು.) ನೋಡಿ! ಮಳೆಯಲ್ಲಿ ಛತ್ರಿ ಹಿಡಿದು, ಉಂಬಳ ಕಚ್ಚಿಸಿಕೊಂಡು ಪಾಠ ಕೇಳಿದವರು ನೀವು. ಆಗ ನಿಮ್ಮ ಹಿರಿಯರು ಟವರ್ ಬೇಕೆಂದು ಪಂಚಾಯಿತಿಗೆ ಹೋದರು, ಶಾಸಕರ ಬಳಿ ಹೋದರು. ಹೋದದ್ದು ತಪ್ಪಲ್ಲ, ಆದರೆ ಬಾಗಿಲು ಬೇರೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ದೂರವಾಣಿ, ನಿಸ್ತಂತು, ಪ್ರಸಾರ ಇವೆಲ್ಲ ಕೇಂದ್ರ ಪಟ್ಟಿಯಲ್ಲಿವೆ. ವಿದ್ಯುತ್ ಮಾತ್ರ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ್ದು. ಹಾಗಾಗಿ ಟವರ್ ಬಗ್ಗೆ ಕಾನೂನು ಮಾಡುವ ಅಧಿಕಾರ ಬೆಂಗಳೂರಿನ ವಿಧಾನಸೌಧಕ್ಕೆ ಇಲ್ಲ. ಅದನ್ನು ಕೇಳಬೇಕಾದವರು ನಮ್ಮ ಲೋಕಸಭಾ ಸದಸ್ಯರು, ಕೇಳಬೇಕಾದ ಜಾಗ ಲೋಕಸಭೆ.

ಏನು ಕೇಳಬೇಕು? ದೂರವಾಣಿ ಕಂಪನಿಗಳ ಆದಾಯದ ಒಂದು ಪಾಲನ್ನು ಹಳ್ಳಿಗಾಡಿನ ಸಂಪರ್ಕಕ್ಕೆಂದು ಸರ್ಕಾರ ತೆಗೆದಿಡುತ್ತದೆ. 2002ರಲ್ಲಿ ಶುರುವಾದ ಈ ನಿಧಿಯ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಬೆಂಗಳೂರಿನವನು ರೀಚಾರ್ಜ್ ಮಾಡಿದಾಗ ಅದರಲ್ಲಿ ನಿಮ್ಮ ಗುಡ್ಡದ ಊರಿಗೂ ನಾಲ್ಕು ಕಾಸು ಇದೆ ಎಂದಾಯಿತು. 2022ರ ಜುಲೈಯಲ್ಲಿ ಕೇಂದ್ರ ಸಂಪುಟ, ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ನಮ್ಮ ಮೂರು ತಾಲ್ಲೂಕಿನ ಊರುಗಳು ಯಾವುವು, ಟವರ್ ಎದ್ದದ್ದು ಎಲ್ಲಿ, ಎದ್ದರೂ ಕರೆಂಟು ಹೋದೊಡನೆ ಸಿಗ್ನಲ್ ಹೋಗುವುದು ಎಲ್ಲಿ? ಪ್ರಶ್ನೆ ಹೀಗೆ ಹೆಸರು ಹಿಡಿದು ಕೇಳಿದರೆ ಉತ್ತರವೂ ಹೆಸರು ಹಿಡಿದು ಬರಬೇಕಾಗುತ್ತದೆ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಎಂದು ಒಂದಿದೆ. ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಮರುಪ್ರಶ್ನೆಗೂ ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಎರಡೂ ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತವೆ, ಓದಲು ಯಾರ ಅಪ್ಪಣೆಯೂ ಬೇಡ.

ಚರ್ಚೆ ಯಾವಾಗಲೂ ನಡೆಯುತ್ತದೆ ಎಂದು ಮಾತ್ರ ತಿಳಿಯಬೇಡಿ. 1885ರ ಟೆಲಿಗ್ರಾಫ್ ಕಾಯ್ದೆ ಬ್ರಿಟಿಷರ ಕಾಲದ್ದು, 138 ವರ್ಷ ಬಾಳಿತು. ಅದರ ಜಾಗಕ್ಕೆ ತಂದ ದೂರಸಂಪರ್ಕ ಮಸೂದೆ 2023ರ ಡಿಸೆಂಬರ್ 18ರಂದು ಲೋಕಸಭೆಯಲ್ಲಿ ಮಂಡನೆಯಾಗಿ, 20ರಂದು ಅಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ನಾಲ್ಕೇ ದಿನ. ಆ ಅಧಿವೇಶನದಲ್ಲಿ ವಿರೋಧ ಪಕ್ಷಗಳ ಒಟ್ಟು 146 ಸದಸ್ಯರು ಅಮಾನತಾಗಿದ್ದರು. ಯಾವಾಗ ಇಂಟರ್‌ನೆಟ್ ನಿಲ್ಲಿಸಬಹುದು, ಯಾವಾಗ ಸಂದೇಶಗಳನ್ನು ತಡೆದು ನೋಡಬಹುದು ಎಂಬ ಅಧಿಕಾರಗಳೆಲ್ಲ ಆ ಕಾಯ್ದೆಯಲ್ಲಿವೆ. ಅಮಾನತು ಸರಿಯೋ ತಪ್ಪೋ ಎಂಬ ಪಕ್ಷದ ಜಗಳ ಈ ವೇದಿಕೆಗೆ ಬೇಡ. ಇಷ್ಟು ದೊಡ್ಡ ಕಾನೂನಿಗೆ ಇಷ್ಟು ಕಡಿಮೆ ಮಾತು ಸಾಕೇ ಎಂದು ಕೇಳುವ ಹಕ್ಕು ಮಾತ್ರ ಯಾವ ಪಕ್ಷದವನಿಗೂ ಇದೆ. 2018ರಲ್ಲಿ ಮತ್ತು 2023ರಲ್ಲಿ ಬಜೆಟ್ಟಿನ ಅನುದಾನ ಬೇಡಿಕೆಗಳೂ ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾದವು.

ಪ್ರಸಾರದ ವಿಷಯ ಬೇಗ ಮುಗಿಸುತ್ತೇನೆ. ಹಿರಿಯರಿಗೆ ನೆನಪಿರಬಹುದು, ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಭದ್ರಾವತಿ ಆಕಾಶವಾಣಿ ನಮ್ಮ ಮನೆಗಳ ಗಡಿಯಾರವೂ ಆಗಿತ್ತು. ಆಕಾಶವಾಣಿ ಮತ್ತು ದೂರದರ್ಶನಕ್ಕೆ ಸ್ವಾಯತ್ತತೆ ಕೊಡುವ ಪ್ರಸಾರ ಭಾರತಿ ಕಾಯ್ದೆಯನ್ನು ಸಂಸತ್ತು 1990ರಲ್ಲಿ ಒಪ್ಪಿತು, ಜಾರಿಗೆ ಬಂದದ್ದು 1997ರಲ್ಲಿ. ನಡುವೆ 1995ರಲ್ಲಿ ಸುಪ್ರೀಂ ಕೋರ್ಟ್, ಗಾಳಿಯಲೆಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪಿತ್ತಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯವರು, ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕವೇ ಊರವರ ಕಾರ್ಯಕ್ರಮ ಕೇಳಿಸಿದರು. 2006ರ ನೀತಿಯ ನಂತರ ಶಿಕ್ಷಣ ಸಂಸ್ಥೆಗಳ ಜೊತೆಗೆ, ಲಾಭದ ಉದ್ದೇಶವಿಲ್ಲದ ಸಂಘಗಳೂ ಸಮುದಾಯ ರೇಡಿಯೋಗೆ ಅರ್ಜಿ ಹಾಕಬಹುದು. ಮೂರು ವರ್ಷ ಸಮಾಜ ಸೇವೆ ಮಾಡಿದ ದಾಖಲೆ ಬೇಕು. ಪದಾಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಖರ್ಚಿನ ಮಾತು ಆಮೇಲೆ ಆಡೋಣ.

ದೆಹಲಿಯಲ್ಲಿ ನಮ್ಮ ಭಾಷೆ ನಡೆಯುತ್ತದೆಯೇ ಎಂದು ಅಳುಕುವ ಮಕ್ಕಳಿಗೆ ಒಂದು ಮಾತು. 1967ರಲ್ಲಿ ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತನಾಡಿದವರು ನಮ್ಮದೇ ಶಿವಮೊಗ್ಗ ಕ್ಷೇತ್ರದಿಂದ ಆರಿಸಿ ಹೋಗಿದ್ದ ಜೆ.ಎಚ್. ಪಟೇಲರು. ಮುಂದೆ ಅವರು ಮುಖ್ಯಮಂತ್ರಿಯೂ ಆದರು. ಅವರಿಗಿಂತ ಮೊದಲು ಇದೇ ಸಾಗರದಿಂದ 1952ರಲ್ಲಿ ವಿಧಾನಸಭೆಗೆ ಹೋದ ಶಾಂತವೇರಿ ಗೋಪಾಲಗೌಡರು, ಕಾಗೋಡು ಗೇಣಿದಾರರ ಸಂಕಟವನ್ನು ತಿಳಿದೇ ಸದನಕ್ಕೆ ಕಾಲಿಟ್ಟವರು. ದುಡ್ಡಿನ ಬಲದಿಂದ ಗೆದ್ದವರಲ್ಲ.

ದೆಹಲಿಗೆ ಹೋಗದೆ ಇಲ್ಲೇ ಮಾಡಬಹುದಾದ ಕೆಲಸವೂ ಇದೆ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ಓದಿ. ಮನೆಗೆ ಸಂಪರ್ಕ ಕೇಳಿ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು ಎಂದು ಅದು ಹೇಳುತ್ತದೆ. ಲೈನ್ ಎಳೆಯಬೇಕಾದ ಕಡೆ ಮಾತ್ರ ಹೆಚ್ಚಿನ ಅವಧಿ. 64ನೇ ಕಲಮಿನ ಪ್ರಕಾರ, ದರ ಏರಿಸುವ ಅರ್ಜಿ ಬಂದಾಗ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ಮೆಸ್ಕಾಂ ಅರ್ಜಿಯ ಮೇಲೆ ನೀವೂ ಒಂದು ಹಾಳೆ ಬರೆದು ಕಳಿಸಬಹುದು. ಪಿಯುಸಿ ಓದುವವರಿಗೆ ಅಷ್ಟು ಬರೆಯಲು ಬರಬೇಕು, ಬರದಿದ್ದರೆ ನಾವು ಮೇಷ್ಟ್ರುಗಳು ನಾಚಿಕೊಳ್ಳಬೇಕು.

ಊಟವಾದ ಮೇಲೆ ನಾನು ಗ್ರಂಥಾಲಯದಲ್ಲಿ ಕೂತಿರುತ್ತೇನೆ. ನಿಮ್ಮ ಊರಿನಲ್ಲಿ ಯಾವ ಯಾವ ಕೇರಿಯಲ್ಲಿ ಸಿಗ್ನಲ್ ಇಲ್ಲ ಎಂದು ಬರೆದು ತನ್ನಿ. ಊರು, ಗ್ರಾಮ ಪಂಚಾಯಿತಿ, ತಾಲ್ಲೂಕು, ಮೂರನ್ನೂ ಸರಿಯಾಗಿ ಬರೆಯಿರಿ. ಸಂಸದರಿಗೆ ಕಳಿಸುವ ಮನವಿಯನ್ನು ಇವತ್ತೇ ಸಿದ್ಧಪಡಿಸೋಣ.