ಹಿತ್ತಿಲ ಹಸಿರು ಮತ್ತು ನೆರೆಯವರ ಹಕ್ಕು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿವರ್ಯರ(ಸ) ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸತ್ಯವಿಶ್ವಾಸಿ ಸಹೋದರರೇ,

ಚಳಿ ಮುಗಿಯಿತು, ಮಾವು, ಗೇರು ಹೂ ಬಿಟ್ಟಿವೆ. ಗದ್ದೆ ಕೊಯ್ದ ಮೇಲೆ ಹರಿವೆ, ಬೆಂಡೆ, ಅಲಸಂಡೆ, ಸೌತೆ ಹಾಕುವ ವಾಡಿಕೆ ನಮ್ಮ ಕರಾವಳಿಯಲ್ಲಿ ಹಿಂದಿನಿಂದಲೂ ಇದೆ. ಈಗ ಗದ್ದೆ ಇಲ್ಲದವರೂ ಹಿತ್ತಿಲಲ್ಲಿ ಬಸಳೆ ಚಪ್ಪರ ಹಾಕುತ್ತಾರೆ, ಟೆರೇಸಿನ ಮೇಲೆ ಹಳೆಯ ಬಕೆಟಿನಲ್ಲಿ ಪುದೀನಾ, ಮೆಣಸು ಬೆಳೆಸುತ್ತಾರೆ. ಇದು ಸಂತೋಷದ ವಿಷಯ. ಇಂದು ನಾವು ಈ ಸಣ್ಣ ಕೆಲಸವನ್ನು ದೀನ್‌ನ ಬೆಳಕಿನಲ್ಲಿ ನೋಡೋಣ.

ನಾವು ಬಿತ್ತುವ ಬೀಜವನ್ನು ಬೆಳೆಸುವವರು ನಾವೋ ಅಥವಾ ತಾನೋ ಎಂದು ಸೂರಃ ಅಲ್ ವಾಕಿಅಃದಲ್ಲಿ (56: 63-64) ಅಲ್ಲಾಹನು ಕೇಳುತ್ತಾನೆ. ಮಣ್ಣು ಹದ ಮಾಡುವುದು, ಬೀಜ ಹಾಕುವುದು, ನೀರೆರೆಯುವುದು ಮಾತ್ರ ನಮ್ಮ ಪಾಲಿನ ಕೆಲಸ. ಮೊಳಕೆಯೊಡೆಸುವವನು ಅವನು. ಮಕ್ಕಳ ಕೈಯಿಂದಲೇ ಒಂದು ಹಿಡಿ ಹರಿವೆ ಬೀಜ ಹಾಕಿಸಿ ನೋಡಿ. ಸುಮಾರು ಒಂದು ತಿಂಗಳಲ್ಲಿ ಪಲ್ಯಕ್ಕೆ ಸೊಪ್ಪು ಸಿಗುತ್ತದೆ. ಅನ್ನ ಎಲ್ಲಿಂದ ಬರುತ್ತದೆ ಎಂಬ ಪಾಠವೂ ಸಿಗುತ್ತದೆ.

ಮುಸ್ಲಿಮನೊಬ್ಬ ಗಿಡ ನೆಟ್ಟರೆ ಅಥವಾ ಬೆಳೆ ಬೆಳೆದರೆ, ಅದರಿಂದ ಮನುಷ್ಯ, ಪ್ರಾಣಿ, ಪಕ್ಷಿ ಏನು ತಿಂದರೂ ಅದು ಅವನ ಪಾಲಿಗೆ ಸದಕ ಎಂಬ ಅರ್ಥದ ಹದೀಸನ್ನು ಹ. ಅನಸ್(ರ) ವರದಿ ಮಾಡಿದ್ದಾರೆ. ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಹಕ್ಕಿ ಕುಕ್ಕಿದ ಟೊಮೆಟೊವನ್ನು ನಾವು ನಷ್ಟ ಎನ್ನುತ್ತೇವೆ. ಅಲ್ಲಾಹನ ಬಳಿ ಅದು ದಾನವಾಗಿ ದಾಖಲಾಗುತ್ತದೆ.

ಆದರೆ ಸಹೋದರರೇ, ನೆಟ್ಟ ಮಾತ್ರಕ್ಕೆ ಎಲ್ಲವೂ ಸದಕ ಆಗುವುದಿಲ್ಲ. ಬೇರೆಯವರ ಹಕ್ಕನ್ನು ಕಸಿದು ಬೆಳೆಸಿದ್ದರಲ್ಲಿ ಬರಕತ್ ಇಲ್ಲ. ಮೂರು ವಿಷಯಗಳನ್ನು ಗಮನಿಸೋಣ.

ಮೊದಲನೆಯದು ಮಣ್ಣು. ಒಂದು ಗೇಣು ಭೂಮಿಯನ್ನು ಅನ್ಯಾಯವಾಗಿ ತೆಗೆದುಕೊಂಡವನ ಕೊರಳಿಗೆ ಕಿಯಾಮತ್‌ನ ದಿನ ಏಳು ಭೂಮಿಗಳನ್ನು ತೊಡಿಸಲಾಗುವುದು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ನಮ್ಮ ಊರುಗಳಲ್ಲಿ ಬೇಲಿ ಒಂದೇ ದಿನದಲ್ಲಿ ಸರಿಯುವುದಿಲ್ಲ. ಒಂದು ವರ್ಷ ಒಂದು ಗೂಟ, ಮರುವರ್ಷ ಒಂದು ಸಾಲು ಬದನೆ, ಆಮೇಲೆ ತೊಂಡೆ ಚಪ್ಪರ. ನಡೆದಾಡುವ ದಾರಿ ಕಿರಿದಾಗುತ್ತದೆ, ಎರಡು ಮನೆಗಳ ನಡುವೆ ಸಲಾಮ್ ನಿಲ್ಲುತ್ತದೆ. ನಾಲ್ಕು ಬದನೆಕಾಯಿಗಾಗಿ ಕಡಿದು ಹೋದ ಸಂಬಂಧಕ್ಕೆ ನಾವು ಏನು ಉತ್ತರ ಹೇಳುತ್ತೇವೆ?

ಎರಡನೆಯದು ನೀರು. ಇನ್ನು ಕೆಲವೇ ವಾರಗಳಲ್ಲಿ ಬಾವಿಗಳ ತಳ ಕಾಣಲಿದೆ. ಮದೀನಾದಲ್ಲಿ ಹ. ಝುಬೈರ್(ರ) ಮತ್ತು ಓರ್ವ ಅನ್ಸಾರಿಯ ನಡುವೆ ಖರ್ಜೂರದ ತೋಟಕ್ಕೆ ಹಾಯಿಸುವ ನೀರಿನ ಬಗ್ಗೆ ವಿವಾದ ಉಂಟಾಯಿತು. ಕಾಲುವೆ ಮೊದಲು ತಲುಪುತ್ತಿದ್ದುದು ಝುಬೈರ್‌ರ(ರ) ತೋಟವನ್ನು. ತಮ್ಮ ತೋಟಕ್ಕೆ ಹಾಯಿಸಿಕೊಂಡು ಬಳಿಕ ನೆರೆಯವನಿಗೆ ಬಿಡಬೇಕೆಂದು ಪ್ರವಾದಿವರ್ಯರು(ಸ) ಅವರಿಗೆ ಮೊದಲು ಸೂಚಿಸಿದರು. ಮೇಲಿರುವವನಿಗೆ ಮೊದಲ ಸರದಿ ಇದೆ, ಆದರೆ ತಡೆದಿಟ್ಟುಕೊಳ್ಳುವ ಹಕ್ಕಿಲ್ಲ. ಹೆಚ್ಚುವರಿ ನೀರನ್ನು ದಾರಿಹೋಕನಿಗೆ ನಿರಾಕರಿಸುವವನು ಕಿಯಾಮತ್‌ನಂದು ಅಲ್ಲಾಹನ ಕೃಪಾದೃಷ್ಟಿಯಿಂದ ವಂಚಿತನಾಗುವವರಲ್ಲಿ ಒಬ್ಬನೆಂದೂ ಹದೀಸ್‌ನಲ್ಲಿದೆ. ಪಾಲಿನ ಬಾವಿಗೆ ಪಂಪ್ ಇಟ್ಟು ನಮ್ಮ ಸೋರೆ ಬಳ್ಳಿಗೆ ಗಂಟೆಗಟ್ಟಲೆ ನೀರು ಬಿಡುವಾಗ, ಪಕ್ಕದ ಮನೆಯ ಹೆಂಗಸರು ಖಾಲಿ ಕೊಡ ಹಿಡಿದು ಕಾಯುತ್ತಿದ್ದಾರೆಯೇ ಎಂದು ನೋಡಬೇಡವೇ? ಕುಡಿಯುವ ನೀರಿನ ಮುಂದೆ ತರಕಾರಿ ದೊಡ್ಡದಲ್ಲ.

ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ವುದೂ ಮಾಡುತ್ತಿದ್ದರು. ನಾವು ನಳ್ಳಿಯನ್ನು ಪೂರ್ತಿ ತಿರುಗಿಸಿ ಮಾತಾಡುತ್ತಾ ಕೂರುತ್ತೇವೆ. ಮನೆಯಲ್ಲಿ ವುದೂ ಮಾಡಿದ ನೀರನ್ನು, ಅಕ್ಕಿ ಮತ್ತು ತರಕಾರಿ ತೊಳೆದ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟರೆ ನಾಲ್ಕಾರು ಗಿಡಗಳಿಗೆ ಸಾಕು. ಬುಡಕ್ಕೆ ತರಗೆಲೆ ಮುಚ್ಚಿ, ಸಂಜೆ ಬಿಸಿಲು ಇಳಿದ ಮೇಲೆ ನೀರು ಹಾಕಿದರೆ ತೇವ ಹೆಚ್ಚು ಹೊತ್ತು ಉಳಿಯುತ್ತದೆ.

ಮೂರನೆಯದು ಪಾಲು. ಪ್ರವಾದಿವರ್ಯರಿಗೆ(ಸ) ಸೋರೆಕಾಯಿ ಇಷ್ಟವಾಗಿತ್ತು. ಒಬ್ಬ ದರ್ಜಿ ಊಟಕ್ಕೆ ಕರೆದಾಗ ಅವರು ತಟ್ಟೆಯಲ್ಲಿ ಸೋರೆಯ ತುಂಡುಗಳನ್ನು ಹುಡುಕಿ ತಿನ್ನುವುದನ್ನು ಕಂಡ ಅನಸ್(ರ), ಅಂದಿನಿಂದ ತಾವೂ ಸೋರೆಯನ್ನು ಮೆಚ್ಚತೊಡಗಿದರು. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕೆಂದು ಅಬೂದರ್ರ್‌(ರ) ಅವರಿಗೆ ಉಪದೇಶಿಸಿದವರೂ ಅದೇ ಪ್ರವಾದಿ(ಸ). ಯಾರಿಗೆ ಮೊದಲು ಕೊಡಬೇಕು? ಹ. ಆಯಿಶಾ(ರ) ಕೇಳಿದಾಗ ಸಿಕ್ಕ ಉತ್ತರ, ಯಾರ ಬಾಗಿಲು ಹತ್ತಿರವೋ ಅವರಿಗೆ. ಆ ಬಾಗಿಲು ಯಾವ ಧರ್ಮದವರದು ಎಂದು ನೋಡಬೇಕಾಗಿಲ್ಲ. ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಆಡು ಕೊಯ್ದಾಗ, ನೆರೆಯ ಯಹೂದಿಗೆ ಕೊಟ್ಟಿರಾ ಎಂದು ಮತ್ತೆ ಮತ್ತೆ ವಿಚಾರಿಸಿದ್ದರು.

ಆದ್ದರಿಂದ ಈ ವಾರ ಎರಡು ಕೆಲಸ ಮಾಡೋಣ. ಒಂದು, ಮನೆಗೊಂದಾದರೂ ಗಿಡ ನೆಡೋಣ. ಪೇಟೆಯಿಂದ ತಂದ ಪುದೀನಾದ ದಂಟನ್ನೇ ಚುಚ್ಚಿದರೂ ಬೇರು ಬಿಡುತ್ತದೆ. ಎರಡು, ನಮಾಝ್ ಮುಗಿಸಿ ಮನೆಗೆ ಹೋದಾಗ ನಮ್ಮ ಬೇಲಿಯನ್ನೊಮ್ಮೆ ನೋಡೋಣ. ಅದು ಒಂದು ಗೇಣು ಆಚೆ ಹೋಗಿದ್ದರೆ ಇಂದೇ ಈಚೆಗೆ ಇಡೋಣ. ಮಾತು ನಿಂತಿದ್ದರೆ ಮೊದಲ ಕೊಯ್ಲಿನ ಸೊಪ್ಪನ್ನು ಹಿಡಿದು ಆ ಬಾಗಿಲಿಗೇ ಹೋಗೋಣ.

ಅಲ್ಲಾಹನು ನಮ್ಮ ಮಣ್ಣಿನಲ್ಲಿ, ನೀರಿನಲ್ಲಿ, ಅನ್ನದಲ್ಲಿ ಬರಕತ್ ನೀಡಲಿ. ನೆರೆಯವರ ಹಕ್ಕನ್ನು ಅರಿತು ಬಾಳುವ ತೌಫೀಕ್ ಕರುಣಿಸಲಿ. ಆಮೀನ್.